ಕೆಮ್ಮಣ್ಣು, ಡಾಂಬರು, ಬೆಟ್ಟದ ಇಳಿಜಾರು: ದೂರದ ಓಟಕ್ಕೆ ಕಾಲು ಪಳಗಿಸಿದ ನನ್ನ ಅನುಭವ

ದೂರದ ಓಟಕ್ಕೆ ಹೊಸದಾಗಿ ಬಂದವರು ನನ್ನನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ವಾರಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು, ಯಾವ ಶೂ ಕೊಳ್ಳಬೇಕು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಎಷ್ಟು ಓಡುತ್ತೇವೆ ಎನ್ನುವಷ್ಟೇ ಎಲ್ಲಿ ಓಡುತ್ತೇವೆ ಎನ್ನುವುದೂ ಮುಖ್ಯ ಎಂಬುದನ್ನು ನಾನು ಮೈಸೂರಿನಲ್ಲಿ ಹಲವು ವರ್ಷ ಓಡಿ ಕಂಡುಕೊಂಡಿದ್ದೇನೆ. ಕಾಲು ದೂರಕ್ಕೆ ಪಳಗುವಂತೆ ನೆಲಕ್ಕೂ ಪಳಗಬೇಕು. ಹತ್ತು ಕಿಲೋಮೀಟರ್ ಮಣ್ಣಿನ ದಾರಿಯೂ ಹತ್ತು ಕಿಲೋಮೀಟರ್ ಡಾಂಬರು ರಸ್ತೆಯೂ ಡೈರಿಯಲ್ಲಿ ಒಂದೇ ಅಂಕಿಯಾಗಿ ಕಾಣುತ್ತವೆ. ಮೀನಖಂಡಕ್ಕೆ, ಮೊಣಕಾಲಿಗೆ, ಪಾದದ ಹರಡಿಗೆ ಮಾತ್ರ ಅವು ಬೇರೆ ಬೇರೆ ಕೆಲಸಗಳು. ಈ ಕಾರಣಕ್ಕೆ ನನ್ನ ಡೈರಿಯಲ್ಲಿ ದೂರ ಮತ್ತು ಸಮಯದ ಪಕ್ಕದಲ್ಲಿ ನೆಲ ಎಂಬ ಮತ್ತೊಂದು ಸಾಲು ಇದೆ, ಮತ್ತು ಯಾವ ರೇಸಿಗೆ ಹೋಗಬೇಕೆಂದು ತೀರ್ಮಾನಿಸಿದ ಕೂಡಲೇ ನಾನು ಮೊದಲು ಯೋಜಿಸುವುದು ಆ ಸಾಲನ್ನು.

ನನ್ನ ವಾರದ ಓಟದ ಬಹುಪಾಲು ನಡೆಯುವುದು ಕುಕ್ಕರಹಳ್ಳಿ ಕೆರೆಯ ಸುತ್ತ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಈ ಕೆರೆಯ ಮಣ್ಣಿನ ಕಾಲುದಾರಿ ಮೈಸೂರಿನ ಓಟಗಾರರಿಗೆ ಸಿಕ್ಕಿರುವ ದೊಡ್ಡ ಭಾಗ್ಯ ಎಂದು ನಾನು ಮನಸಾರೆ ನಂಬಿದ್ದೇನೆ. ಏರಿಯ ಮೇಲೆ ನೆಲ ಗಟ್ಟಿಯಾಗಿ, ಸಮವಾಗಿ ಇರುತ್ತದೆ; ಅಲ್ಲಿ ಹೆಜ್ಜೆಯ ಲಯ ತಾನಾಗಿ ಕೂಡಿಬರುತ್ತದೆ. ಮರಗಳ ನಡುವಿನ ಭಾಗದಲ್ಲಿ ಬೇರುಗಳು ಮೇಲೆದ್ದಿರುತ್ತವೆ, ಒಣಗಿದ ಎಲೆಗಳಡಿ ಹರಳುಕಲ್ಲುಗಳು ಅಡಗಿರುತ್ತವೆ, ಹೀಗಾಗಿ ಕಣ್ಣು ನಾಲ್ಕೈದು ಹೆಜ್ಜೆ ಮುಂದಕ್ಕೆ ನೆಟ್ಟಿರಬೇಕು ಮತ್ತು ಹೆಜ್ಜೆಯನ್ನು ಗಿಡ್ಡ ಮಾಡಬೇಕು. ಮಳೆ ಬಂದ ಮರುದಿನ ಮೇಲ್ಪದರದ ನುಣ್ಣನೆಯ ಮಣ್ಣು ಕೊಚ್ಚಿಹೋಗಿ ಹರಳು ಎದ್ದು ಕಾಣುತ್ತದೆ. ಅಂಥ ದಿನ ವೇಗದ ಓಟವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಬೆಳಗಿನ ಹೊತ್ತು ನಡೆಯಲು ಬರುವ ಹಿರಿಯರು ಬಹಳ ಮಂದಿ ಇರುತ್ತಾರೆ, ಅವರಿಗೆ ದಾರಿ ಬಿಟ್ಟು ಓಡುವುದು ನಮ್ಮ ಕರ್ತವ್ಯ. ನಿಧಾನದ ಓಟಕ್ಕೆ ಇದರಿಂದ ಯಾವ ನಷ್ಟವೂ ಇಲ್ಲ.

ಮಣ್ಣು ಮೃದು, ಆದ್ದರಿಂದ ಮಣ್ಣಿನ ಮೇಲೆ ಓಡಿದರೆ ಗಾಯವೇ ಆಗುವುದಿಲ್ಲ ಎಂಬ ಮಾತು ಓಟಗಾರರ ನಡುವೆ ಬಹಳ ಕೇಳಿಬರುತ್ತದೆ. ವಿಷಯ ಅಷ್ಟು ಸರಳವಾಗಿಲ್ಲ. ಓಡುವಾಗ ನಮ್ಮ ಕಾಲು ನೆಲಕ್ಕೆ ತಕ್ಕಂತೆ ತನ್ನ ಬಿಗಿತವನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿವೆ: ನೆಲ ಗಟ್ಟಿಯಾದರೆ ಕಾಲು ತುಸು ಸಡಿಲವಾಗುತ್ತದೆ, ನೆಲ ಮೆತ್ತಗಾದರೆ ಕಾಲು ಬಿಗಿಯುತ್ತದೆ, ಹೀಗಾಗಿ ದೇಹ ಮೇಲೆ ಕೆಳಗೆ ಆಡುವ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿ ಉಳಿಯುತ್ತದೆ. ಹಾಗಾದರೆ ಮಣ್ಣಿನಿಂದ ನನಗಾದ ಲಾಭವೇನು? ಏರುಪೇರಿನ ನೆಲದಲ್ಲಿ ಯಾವ ಎರಡು ಹೆಜ್ಜೆಗಳೂ ಒಂದೇ ಬಗೆಯವಾಗಿ ಇರುವುದಿಲ್ಲ, ಆದ್ದರಿಂದ ಒಂದೇ ಸ್ನಾಯು, ಒಂದೇ ಕೀಲಿನ ಒಂದೇ ಜಾಗದ ಮೇಲೆ ಸಾವಿರಾರು ಸಲ ಭಾರ ಬೀಳುವುದು ತಪ್ಪುತ್ತದೆ. ಹರಡಿನ ಸುತ್ತಲಿನ ಸಣ್ಣ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲೂ ಕೆಲಸ ಮಾಡಿ ಬಲಿಯುತ್ತವೆ. ಆದರೆ ಅದೇ ಕಾರಣಕ್ಕೆ, ರಸ್ತೆಯಲ್ಲೇ ಓಡಿ ಅಭ್ಯಾಸವಿರುವವರು ಒಂದೇ ಬಾರಿಗೆ ದೂರದ ಓಟವನ್ನೆಲ್ಲ ಮಣ್ಣಿಗೆ ವರ್ಗಾಯಿಸಿದರೆ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಣಿಯುತ್ತವೆ. ವಾರಕ್ಕೆ ಒಂದು ಸಣ್ಣ ಓಟವನ್ನು ಮಾತ್ರ ಮೊದಲು ಮಣ್ಣಿಗೆ ತಂದು, ಮೂರು ನಾಲ್ಕು ವಾರ ಕಾದು, ಅನಂತರ ಎರಡನೆಯದನ್ನು ತರುವ ಕ್ರಮವನ್ನು ನಾನು ಅನುಸರಿಸಿದೆ.

ರಸ್ತೆಯನ್ನು ಬಿಡಲು ಮಾತ್ರ ಸಾಧ್ಯವಿಲ್ಲ, ಏಕೆಂದರೆ ನಾವು ಸೇರುವ ಬಹುತೇಕ ರೇಸುಗಳು ನಡೆಯುವುದು ರಸ್ತೆಯ ಮೇಲೆಯೇ. ನಮ್ಮ ಡಾಂಬರು ರಸ್ತೆಗಳ ಬಗ್ಗೆ ಓಟಗಾರರು ಗಮನಿಸಬೇಕಾದ ಮುಖ್ಯ ಸಂಗತಿ ಅವುಗಳ ಗಡಸುತನಕ್ಕಿಂತ ಅವುಗಳ ಓರೆ ಎಂದು ನನಗೆ ಅನ್ನಿಸುತ್ತದೆ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ತಗ್ಗಿಸಿರುತ್ತಾರೆ. ಎದುರಿನಿಂದ ಬರುವ ವಾಹನ ಕಾಣಲೆಂದು ನಾವು ಸದಾ ಬಲಬದಿಯ ಅಂಚಿನಲ್ಲೇ ಓಡಿದರೆ ಬಲಗಾಲು ಪ್ರತಿ ಹೆಜ್ಜೆಯಲ್ಲೂ ತುಸು ತಗ್ಗಿನಲ್ಲಿ, ಎಡಗಾಲು ತುಸು ಎತ್ತರದಲ್ಲಿ ಬೀಳುತ್ತದೆ. ಸೊಂಟ ಒಂದು ಕಡೆಗೆ ವಾಲುತ್ತದೆ. ಇದು ಐದು ಕಿಲೋಮೀಟರಿನಲ್ಲಿ ಗೊತ್ತಾಗುವುದಿಲ್ಲ, ಇಪ್ಪತ್ತೈದರಲ್ಲಿ ಸೊಂಟದ ಹೊರಬದಿಗೆ ಚೆನ್ನಾಗಿ ಗೊತ್ತಾಗುತ್ತದೆ. ವಾಹನ ಸಂಚಾರ ಶುರುವಾಗುವ ಮೊದಲೇ ಹೊರಟು, ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ ಸಾಧ್ಯವಾದಷ್ಟು ಸಮತಟ್ಟಾದ ಭಾಗವನ್ನು ಆರಿಸಿಕೊಂಡು ಓಡುವುದು ನಾನು ಕಂಡುಕೊಂಡ ದಾರಿ. ಕಾಂಕ್ರೀಟು ಡಾಂಬರಿಗಿಂತ ಗಡಸು. ಕಾಲುದಾರಿಗೆ ಹಾಸಿದ ಸಿಮೆಂಟು ಇಟ್ಟಿಗೆಗಳು ಅಲ್ಲಲ್ಲಿ ಕುಸಿದಿರುವುದರಿಂದ ಅವುಗಳ ಮೇಲೆ ಓಡದಿರುವುದೇ ಲೇಸು.

ಟ್ರ್ಯಾಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಾಮುಂಡಿ ವಿಹಾರ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕನ್ನು ನಾನು ವೇಗದ ಅಭ್ಯಾಸಕ್ಕೆ ಮಾತ್ರ ಬಳಸಿದೆ. ಒಳಗಿನ ಮೊದಲ ಲೇನಿನ ಸುತ್ತು 400 ಮೀಟರ್, ಎಂಟನೆಯ ಲೇನಿನದು ಸುಮಾರು 453 ಮೀಟರ್ ಎಂಬುದನ್ನು ತಿಳಿದಿದ್ದರೆ ಹೊರಲೇನಿನಲ್ಲಿ ಓಡುವಾಗ ಗಡಿಯಾರವನ್ನು ನೋಡಿ ಗಾಬರಿಯಾಗಬೇಕಿಲ್ಲ. ಸದಾ ಎಡಕ್ಕೇ ತಿರುಗುವ ಓಟವಾದ್ದರಿಂದ ಬಿಸಿಮಾಡಿಕೊಳ್ಳುವ ಮತ್ತು ತಣಿಯುವ ನಿಧಾನದ ಓಟಗಳನ್ನು ಟ್ರ್ಯಾಕಿನ ಹೊರಗೆ, ಹುಲ್ಲಿನ ಮೇಲೆ ಮಾಡುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಚಾಮುಂಡಿ ಬೆಟ್ಟ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರವಿರುವ ಈ ಬೆಟ್ಟ ನಗರದ ನೆಲದಿಂದ ಸುಮಾರು ಮುನ್ನೂರು ಮೀಟರ್ ಮೇಲೆದ್ದಿದೆ. ಏರಲು ಎರಡು ದಾರಿಗಳು: ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರದಷ್ಟು ಮೆಟ್ಟಿಲುಗಳು ಒಂದು, ಬಳಸಿ ಬಳಸಿ ಏರುವ ಡಾಂಬರು ರಸ್ತೆ ಮತ್ತೊಂದು. ಮೆಟ್ಟಿಲು ಹತ್ತುವುದರಿಂದ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಬಲ ಬರುತ್ತದೆ, ಉಸಿರು ಪಳಗುತ್ತದೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲದಿರುವುದರಿಂದ ಓಡಿಕೊಂಡು ಇಳಿಯುವ ಸಾಹಸವನ್ನು ನಾನು ಮಾಡಲಿಲ್ಲ. ಹತ್ತಿದ್ದು ಮೆಟ್ಟಿಲಿನಲ್ಲಿ, ಇಳಿದದ್ದು ರಸ್ತೆಯಲ್ಲಿ. ದೂರದ ಓಟದ ದೃಷ್ಟಿಯಿಂದ ಈ ಇಳಿಯುವ ಅಭ್ಯಾಸವೇ ಹೆಚ್ಚು ಬೆಲೆಯುಳ್ಳದ್ದು. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದು ಭಾರ ಹೊತ್ತೇ ಹಿಗ್ಗಬೇಕಾಗುತ್ತದೆ, ದೇಹವನ್ನು ಪ್ರತಿ ಹೆಜ್ಜೆಯಲ್ಲೂ ತಡೆದು ನಿಲ್ಲಿಸಬೇಕಾಗುತ್ತದೆ. ಸ್ನಾಯುವಿನ ನಾರುಗಳಿಗೆ ಸೂಕ್ಷ್ಮ ಪೆಟ್ಟು ಬೀಳುವುದು ಹೀಗೆ, ಮತ್ತು ಆ ನೋವು ಅಂದಿಗಿಂತ ಎರಡನೆಯ ದಿನ ಹೆಚ್ಚಾಗಿರುತ್ತದೆ. ಆದರೆ ಒಮ್ಮೆ ಇಳಿದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಬಗೆಯ ಪೆಟ್ಟನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಈ ಗುಣವನ್ನು ನೆಚ್ಚಿಕೊಂಡೇ ನಾನು ಯಾವುದೇ ದೊಡ್ಡ ರೇಸಿಗೆ ಮೂರು ವಾರ ಮೊದಲು ಕೊನೆಯ ಬಾರಿ ಬೆಟ್ಟ ಇಳಿಯುತ್ತೇನೆ, ಆಮೇಲೆ ಮುಟ್ಟುವುದಿಲ್ಲ. ಇಳಿಯುವಾಗ ಹಿಂದಕ್ಕೆ ವಾಲಿ ಹಿಮ್ಮಡಿಯಿಂದ ತಡೆಹಾಕುವುದು ಎಲ್ಲರಿಗೂ ಸಹಜವಾಗಿ ಬರುವ ಅಭ್ಯಾಸ. ಅದನ್ನು ಬಿಟ್ಟು, ಮೈಯನ್ನು ಇಳಿಜಾರಿಗೆ ಹೊಂದಿಸಿ, ಹೆಜ್ಜೆಗಳನ್ನು ಗಿಡ್ಡವಾಗಿ, ಬೇಗ ಬೇಗ ಇಡುವುದನ್ನು ರೂಢಿಸಿಕೊಳ್ಳಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಮಣ್ಣಿನ ಅಭ್ಯಾಸ ನೇರವಾಗಿ ಫಲ ಕೊಟ್ಟ ರೇಸ್ ಎಂದರೆ ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್. ವಿರಿಜಾ ನಾಲೆಯ ದಂಡೆಯ ಮಣ್ಣಿನ ದಾರಿಯಲ್ಲಿ ಹೋಗಿ ಹಿಂದಿರುಗುವ ಓಟ ಅದು. ಪೂರ್ಣ ಮ್ಯಾರಥಾನಿನ 42.195 ಕಿಲೋಮೀಟರ್ ಓಡುವವರು ಅದೇ ದಾರಿಯನ್ನು ಎರಡು ಬಾರಿ ಕ್ರಮಿಸಬೇಕು. ನಾನು ಅರ್ಧ ಮ್ಯಾರಥಾನ್ ಓಡಿದೆ. ರಂಗನತಿಟ್ಟಿಗೆ ಸಮೀಪದ ಈ ಭಾಗದಲ್ಲಿ ಒಂದು ಕಡೆ ನಾಲೆಯ ನೀರು, ಮತ್ತೊಂದು ಕಡೆ ಭತ್ತ ಮತ್ತು ಕಬ್ಬಿನ ಗದ್ದೆಗಳು. ಏರಿಳಿತ ಬಹಳ ಕಡಿಮೆ. ಸಮತಟ್ಟು ಎಂದು ನಂಬಿ ರಸ್ತೆಯ ವೇಗವನ್ನೇ ಲೆಕ್ಕ ಹಾಕಿಕೊಂಡು ಬರುವವರಿಗೆ ಈ ದಾರಿ ಕಷ್ಟ ಕೊಡುತ್ತದೆ, ಏಕೆಂದರೆ ಟ್ರ್ಯಾಕ್ಟರು, ಎತ್ತಿನಗಾಡಿಗಳ ಚಕ್ರದ ಜಾಡುಗಳು ಎರಡು ಕಡೆ, ನಡುವೆ ಹುಲ್ಲಿನ ದಿಬ್ಬ. ಎದುರಿನಿಂದ ಹಿಂದಿರುಗುವ ಓಟಗಾರರು ಬಂದಾಗ ಒಂದು ಜಾಡಿನಿಂದ ಮತ್ತೊಂದಕ್ಕೆ ದಾಟುತ್ತಲೇ ಇರಬೇಕು. ಹಿಂದಿನ ದಿನ ಮಳೆ ಬಂದಿದ್ದ ಕಾರಣ ತಗ್ಗಿನ ಜಾಗಗಳಲ್ಲಿ ಕೆಸರು ಶೂವಿಗೆ ಮೆತ್ತಿಕೊಂಡು ಭಾರವಾಗುತ್ತಿತ್ತು. ಅಲ್ಲಿ ಗಡಿಯಾರದ ವೇಗವನ್ನು ಬಿಟ್ಟು ಉಸಿರಿನ ಅಳತೆಯಲ್ಲಿ ಓಡಿದೆ: ಮೂಗು ಬಾಯಿ ಎರಡರಿಂದಲೂ ಉಸಿರಾಡುತ್ತಾ ಒಂದು ಪೂರ್ತಿ ವಾಕ್ಯ ಆಡಲು ಬರುವಷ್ಟು ಮೊದಲ ಹತ್ತರಲ್ಲಿ, ಆಮೇಲೆ ಮೂರು ನಾಲ್ಕು ಪದ ಆಡಲು ಬರುವಷ್ಟು. ನೆರಳಿರುವ ಭಾಗ ಮುಗಿದು ಬಿಸಿಲೇರಿದ ಮೇಲೆ ನಾಲೆಯ ದಂಡೆಯ ಸೆಖೆ ಮೈಗೆ ಅಂಟುತ್ತದೆ. ನೀರಿನ ಜೊತೆ ಉಪ್ಪು ಮತ್ತು ಬಾಳೆಹಣ್ಣು ತಪ್ಪದೆ ತೆಗೆದುಕೊಂಡದ್ದು ಕೊನೆಯ ಐದು ಕಿಲೋಮೀಟರಿನಲ್ಲಿ ನೆರವಾಯಿತು.

ಬೆಂಗಳೂರಿನ ವರ್ಲ್ಡ್ 10ಕೆ ಇದಕ್ಕೆ ಪೂರ್ತಿ ವಿರುದ್ಧ. 2008ರಿಂದ ನಡೆಯುತ್ತಿರುವ ಈ ಓಟದಲ್ಲಿ ಜಗತ್ತಿನ ಶ್ರೇಷ್ಠ ಓಟಗಾರರು ಓಡುವ ರಸ್ತೆಯಲ್ಲೇ ನಾವೂ ಓಡುತ್ತೇವೆ. 2022ರಲ್ಲಿ ಕೀನ್ಯಾದ ನಿಕೊಲಸ್ ಕಿಮೇಲಿ 27 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿದ ದೂರ ಅದು. ದಂಡು ಪ್ರದೇಶದ ರಸ್ತೆಗಳು ನಡೆಯುವವರಿಗೆ ಸಮವಾಗಿ ಕಾಣುತ್ತವೆ, ಓಡುವವರಿಗೆ ಒಂದಾದ ಮೇಲೊಂದು ದೀರ್ಘ ಏರಿಳಿತಗಳು. ಹತ್ತು ಕಿಲೋಮೀಟರ್ ಸಣ್ಣ ದೂರವೆಂದು ದೂರದ ಓಟಗಾರರು ಭಾವಿಸುವುದುಂಟು. ನನ್ನ ಮಟ್ಟಿಗೆ ಅದು ಬಹಳ ಕಠಿಣವಾದ ದೂರ, ಏಕೆಂದರೆ ಅದರಲ್ಲಿ ವಿಶ್ರಾಂತಿಯ ವೇಗ ಎಂಬುದೇ ಇಲ್ಲ. ಮೈಸೂರಿನ ಟ್ರ್ಯಾಕಿನಲ್ಲಿ ಸಾವಿರ ಮೀಟರುಗಳ ತುಣುಕುಗಳನ್ನು ಓಡಿ ಹೋದದ್ದರಿಂದ ವೇಗ ಕೈಯಲ್ಲಿತ್ತು, ಏರುಗಳಲ್ಲಿ ವೇಗವನ್ನು ಬಿಟ್ಟುಕೊಟ್ಟು ಶ್ರಮವನ್ನು ಒಂದೇ ಸಮ ಇಡುವುದನ್ನು ಬೆಟ್ಟ ಕಲಿಸಿತ್ತು.

ನಾನು ಹೆಚ್ಚು ತಿಂಗಳು ತಯಾರಿ ನಡೆಸಿದ್ದು ಮುಂಬೈ ಮ್ಯಾರಥಾನಿಗೆ. 2004ರಲ್ಲಿ ಆರಂಭವಾಗಿ ಪ್ರತಿ ಜನವರಿಯಲ್ಲಿ ನಡೆಯುವ ಈ ಓಟ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಬಳಿ ಕತ್ತಲಿರುವಾಗಲೇ ಹೊರಟು, ಮರೀನ್ ಡ್ರೈವ್, ಪೆಡ್ಡರ್ ರೋಡ್, ಬಾಂದ್ರಾ-ವರ್ಲಿ ಸಮುದ್ರ ಸೇತುವೆಗಳನ್ನು ಹಾದು ಮತ್ತೆ ದಕ್ಷಿಣ ಮುಂಬೈಗೆ ಬರುತ್ತದೆ. ಮೊದಲಿನಿಂದ ಕೊನೆಯವರೆಗೆ ಗಟ್ಟಿ ನೆಲ. ಆದ್ದರಿಂದ ಓಟಕ್ಕೆ ಮೂರು ತಿಂಗಳಿರುವಾಗಲೇ ವಾರದ ದೂರದ ಓಟವನ್ನು ಸ್ವಲ್ಪ ಸ್ವಲ್ಪವಾಗಿ ಕೆರೆಯ ದಾರಿಯಿಂದ ಡಾಂಬರಿಗೆ ಸಾಗಿಸಿದೆ: ಮೊದಲು ಕಾಲುಭಾಗ, ಆಮೇಲೆ ಅರ್ಧ, ಕೊನೆಯ ತಿಂಗಳ ಹೊತ್ತಿಗೆ ಪೂರ್ತಿ. ವಾರದ ನಡುವಿನ ನಿಧಾನದ ಓಟಗಳು ಮಣ್ಣಿನಲ್ಲೇ ಉಳಿದವು. ಜನವರಿಯ ಮೈಸೂರಿನ ಮುಂಜಾವು ತಂಪು ಮತ್ತು ಒಣ. ಮುಂಬೈಯಲ್ಲಿ ಸೂರ್ಯ ಹುಟ್ಟುವ ಮೊದಲೇ ಬೆವರು ಆರದೆ ಮೈಮೇಲೆ ನಿಲ್ಲುತ್ತದೆ. ಸೆಖೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ ಕೊನೆಯ ಎರಡು ವಾರ ಸಣ್ಣ ಓಟಗಳನ್ನು ಬೆಳಗ್ಗೆ ಹತ್ತು ಗಂಟೆಯ ಬಿಸಿಲಿಗೆ ಬದಲಿಸಿದೆ.

ಪೆಡ್ಡರ್ ರೋಡಿನ ಏರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎದುರಾಗುತ್ತದೆ. ಎರಡನೆಯ ಸಲ ಅದು ಬರುವುದು ಕೊನೆಯ ಹತ್ತು ಕಿಲೋಮೀಟರಿನಲ್ಲಿ, ಬಿಸಿಲು ಪೂರ್ತಿ ಏರಿರುವಾಗ. ಎಲ್ಲರೂ ಹೆದರಿಸುವುದು ಆ ಏರಿನ ಬಗ್ಗೆ. ಅಲ್ಲಿ ನನ್ನ ಸುತ್ತ ಓಡುತ್ತಿದ್ದವರಲ್ಲಿ ಬಹಳ ಮಂದಿ ನಡೆಯತೊಡಗಿದ್ದರು. ನಾನು ಹೆಜ್ಜೆಯನ್ನು ಅಂಗೈಯಷ್ಟು ಗಿಡ್ಡ ಮಾಡಿ, ತೋಳುಗಳನ್ನು ಚುರುಕಾಗಿ ಬೀಸುತ್ತಾ, ಕಣ್ಣನ್ನು ಮುಂದಿನವರ ಬೆನ್ನಿನ ಮೇಲಿಟ್ಟು ಏರಿದೆ. ನಿಜವಾದ ಪರೀಕ್ಷೆ ಇದ್ದದ್ದು ಅದರಾಚೆಯ ಇಳಿಜಾರಿನಲ್ಲಿ. ಮೂರು ಗಂಟೆಗೂ ಮೀರಿ ಗಟ್ಟಿ ನೆಲವನ್ನು ತುಳಿದ ತೊಡೆಗಳು ಇಳಿಯಲು ಒಪ್ಪದ ಹೊತ್ತು ಅದು. ಪಕ್ಕದಲ್ಲಿ ಹಲವರು ತೊಡೆ ಹಿಡಿದು ನಿಂತಿದ್ದರು. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕಲಿತ ಗಿಡ್ಡ, ಬೇಗದ ಹೆಜ್ಜೆ ಅಲ್ಲಿ ತಾನಾಗಿ ಬಂತು, ತೊಡೆಗಳು ಅದನ್ನು ಗುರುತಿಸಿದವು, ಮತ್ತು ಇಳಿದು ಸಮತಲಕ್ಕೆ ಬಂದಾಗಲೂ ಓಡುವ ಶಕ್ತಿ ಉಳಿದಿತ್ತು. ಆ ದಿನ ನನಗಾದ ಸಂತೋಷದಲ್ಲಿ ಪದಕದ ಪಾಲಿಗಿಂತ ಆ ಇಳಿಜಾರಿನ ಪಾಲು ದೊಡ್ಡದು.

ರೇಸಿನ ನಂತರ ಯಾವ ನೆಲಕ್ಕೆ ಯಾವ ಕ್ರಮದಲ್ಲಿ ಹಿಂದಿರುಗಬೇಕು ಎಂಬುದಕ್ಕೂ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮೊದಲ ವಾರ ಓಟವಿಲ್ಲ, ನಡಿಗೆ ಮಾತ್ರ. ಎರಡನೆಯ ವಾರ ಮೈದಾನದ ಹುಲ್ಲಿನ ಮೇಲೆ ಅರ್ಧ ಗಂಟೆ ಮೀರದ ಓಟ, ಅದೂ ದಿನ ಬಿಟ್ಟು ದಿನ. ಮೂರನೆಯ ವಾರ ಕೆರೆ ಏರಿಯ ಗಟ್ಟಿ ಮಣ್ಣು. ಬೇರು ಮತ್ತು ಹರಳಿರುವ ಭಾಗವನ್ನು ಇನ್ನೂ ಒಂದು ವಾರ ಬಿಡುತ್ತೇನೆ, ಏಕೆಂದರೆ ದಣಿದ ಹರಡು ಏರುಪೇರಿನಲ್ಲಿ ಉಳುಕುವುದು ಸುಲಭ. ಡಾಂಬರು ಅದಾದ ಮೇಲೆ. ಬೆಟ್ಟ ಎಲ್ಲಕ್ಕಿಂತ ಕೊನೆಗೆ, ಬೆಳಗ್ಗೆ ಎದ್ದು ಮನೆಯ ಮೆಟ್ಟಿಲನ್ನು ಇಳಿಯುವಾಗ ತೊಡೆಯಲ್ಲಿ ಯಾವ ಬಿಗಿತವೂ ಇಲ್ಲ ಎಂದು ಖಾತ್ರಿಯಾದ ನಂತರ.