ಊರೊಳಗೇ ಮಕ್ಕಳಿಗೊಂದು ನಿಧಿ ಬೇಟೆ: ಪ್ಲಾನ್ ಮಾಡೋದು ಹೀಗೆ

ಟ್ರೆಷರ್ ಹಂಟ್ ಅಂದ ತಕ್ಷಣ ಎಲ್ರೂ ಮೊದಲು ಚೀಟಿ ಬರೆಯೋಕೆ ಕೂತ್ಬಿಡ್ತಾರೆ. ಹಾಗೆ ಮಾಡ್ಬೇಡಿ. ಮೊದಲು ನಿಧಿ ಎಲ್ಲಿ ಸಿಗ್ಬೇಕು ಅಂತ ಫಿಕ್ಸ್ ಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಕೊನೆ ಜಾಗ ಹೇಗಿರ್ಬೇಕು ಅಂದ್ರೆ ಮಕ್ಕಳು ಕಿರುಚಾಡಿದ್ರೂ ಯಾರೂ ಬೈಬಾರ್ದು, ನೆರಳಿರ್ಬೇಕು, ಟಾಯ್ಲೆಟ್ ಹತ್ರದಲ್ಲಿರ್ಬೇಕು. ಪಾರ್ಕ್ ಆದ್ರೆ ಬೆಸ್ಟ್.

ಎಂಟ್ಹತ್ತು ವರ್ಷದ ಮಕ್ಕಳಿಗೆ ಒಂದು, ಒಂದೂವರೆ ಕಿಲೋಮೀಟರ್, ಆರೇಳು ಸ್ಟಾಪ್ ಸಾಕು, ಅಷ್ಟಕ್ಕೇ ಒಂದೂವರೆ ಗಂಟೆ ಹಿಡಿಯತ್ತೆ, ಯಾಕಂದ್ರೆ ಅವ್ರು ನಡೆಯೋದಕ್ಕಿಂತ ನಿಂತು ಜಗಳ ಆಡೋದೇ ಜಾಸ್ತಿ. ಇನ್ನೂ ಓದೋಕೆ ಬರದವರಿಗೆ ಚೀಟಿ ಬದಲು ಫೋಟೋ ಕೊಡಿ, ಪೂರ್ತಿ ಕಟ್ಟಡದ್ದಲ್ಲ, ಗೇಟಿನ ಚಿಲಕ, ಕಂಬದ ಮೇಲಿನ ಹೂವು ಅಂಥ ಒಂದು ಚೂರಿಂದು. ರೂಟಲ್ಲಿ ದೊಡ್ಡ ರೋಡ್ ದಾಟೋದಿದ್ರೆ ಬೇರೆ ರೂಟ್ ನೋಡಿ, ಇದ್ರಲ್ಲಿ ಕಾಂಪ್ರಮೈಸ್ ಬೇಡ, ಸುಳಿವು ಕೈಗೆ ಸಿಕ್ಕಿದ ಮಗು ಆಚೆ ಈಚೆ ನೋಡಲ್ಲ.

ನಾನು ಪೆಟ್ಟು ತಿಂದು ಕಲಿತಿದ್ದು ಏನಂದ್ರೆ, ಹೊರಗಡೆ ಚೀಟಿ ಬಚ್ಚಿಡೋ ಕೆಲ್ಸ ಮಾತ್ರ ಬೇಡ. ಮೊದಲ ಸಲ ರಾತ್ರಿನೇ ಹೋಗಿ ಬೆಂಚ್ ಅಡಿ, ಕಲ್ಲಿನ ಸಂದಿ ಅಂತೆಲ್ಲ ಅಂಟಿಸಿ ಬಂದಿದ್ದೆ, ಬೆಳಗ್ಗೆ ಗುಡಿಸೋರು ಬಂದು ಎರಡು ಚೀಟಿ ಕಸದ ಜೊತೆ ಹೋಯ್ತು, ಇನ್ನೊಂದು ಇಬ್ಬನಿಲಿ ನೆಂದು ಇಂಕೆಲ್ಲ ಹರಡಿತ್ತು, ಮಕ್ಕಳು ಮೂರನೇ ಸ್ಟಾಪಲ್ಲೇ ನನ್ ಮುಖ ನೋಡ್ತಾ ನಿಂತ್ರು. ಈಗ ಉತ್ತರ ಆ ಜಾಗದಲ್ಲೇ ಇರೋ ಥರ ಮಾಡ್ತೀನಿ. ಫಲಕದಲ್ಲಿರೋ ಇಸವಿಯ ಕೊನೆ ಅಂಕಿ ಎಷ್ಟು, ಮೆಟ್ಟಿಲು ಎಷ್ಟು, ಪ್ರತಿಮೆಯ ಯಾವ ಕೈಲಿ ಪುಸ್ತಕ ಇದೆ, ಹೀಗೆ. ಇವನ್ನ ಗಾಳಿ ಹೊತ್ಕೊಂಡು ಹೋಗಲ್ಲ. ಮುಂದಿನ ಸುಳಿವಿನ ಕವರು ಟೀಮ್ ಜೊತೆ ಇರೋ ದೊಡ್ಡೋರ ಬ್ಯಾಗಲ್ಲಿರತ್ತೆ, ಸರಿ ಉತ್ತರ ಹೇಳಿದ್ರೆ ಕೈಗೆ.

ಮ್ಯಾಪಲ್ಲಿ ಪಿನ್ ಹಾಕಿ ಕಳ್ಸೋಣ ಅನ್ಸತ್ತೆ, ಆದ್ರೆ ಎತ್ತರದ ಕಟ್ಟಡಗಳ ಮಧ್ಯೆ ಜಿಪಿಎಸ್ ಸುಮಾರು ಮೀಟರ್ ಆಚೀಚೆ ತೋರಿಸತ್ತೆ, ಮಕ್ಕಳೂ ಫೋನನ್ನೇ ನೋಡ್ತಾ ನಡೀತಾರೆ. ನಂಗಂತೂ ಇಷ್ಟ ಇಲ್ಲ.

ಇನ್ನು ಸುಳಿವು. ಮಜಾ ಇರೋದೇ ಇಲ್ಲಿ. ಕನ್ನಡದಲ್ಲಿ ನಮಗೊಂದು ಅಡ್ವಾಂಟೇಜ್ ಇದೆ, ಗುಣಿತ ಎಲ್ಲಾ ಕಿತ್ತಾಕಿದ್ರೆ ಸಾಕು, ಸೀಕ್ರೆಟ್ ಕೋಡ್ ರೆಡಿ. 'ಗಡಯರದ ಕಳಗ' ಅಂತ ಬರೆದುಕೊಟ್ರೆ ಎರಡು ನಿಮಿಷ ತಲೆ ಕೆರ್ಕೊಂಡು, ಆಮೇಲೆ ಯಾರೋ ಒಬ್ಳು 'ಗಡಿಯಾರದ ಕೆಳಗೆ!' ಅಂತ ಕೂಗ್ತಾಳೆ. ಅದನ್ನೇ ತಿರುಗಿಸಿ 'ಗೆಳಕೆ ದರಯಾಡಿಗ' ಅಂತಾನೂ ಬರೀಬಹುದು, ಜೋರಾಗಿ ಓದಿಸಿ, ನಕ್ಕೂ ನಕ್ಕೂ ಸಾಯ್ತಾರೆ. ಒಗಟು ಬೇಕಾ, ನೀವೇ ಕಟ್ಟಿ: 'ಮುಳ್ಳಿದೆ ಚುಚ್ಚಲ್ಲ, ಓಡ್ತಾನೇ ಇರತ್ತೆ ಊರು ಬಿಡಲ್ಲ.' ಪ್ರಾಸ ಸ್ವಲ್ಪ ತಪ್ಪಿದ್ರೂ ಯಾರೂ ಕೇಳಲ್ಲ. ಮೊದಲನೇದು ಮಾತ್ರ ತುಂಬಾ ಸುಲಭ ಇರ್ಲಿ, ಶುರುವಲ್ಲೇ ಸೋತ್ರೆ ಅರ್ಧ ಮಕ್ಕಳು ಮನೆಗೆ ಹೋಗೋಣ ಅಂತಾರೆ.

ಹಿಂದಿನ ದಿನ ಒಂದ್ಸಲ ಪೂರ್ತಿ ನಡೀರಿ, ಆಗಾಗ ಕುಕ್ಕರಗಾಲಲ್ಲಿ ಕೂತು ನೋಡಿ. ತಮಾಷೆ ಅಲ್ಲ. ನನ್ ಕಣ್ಣಿಗೆ ಎದುರಿಗೇ ಇದ್ದ ಫಲಕ ಮಕ್ಕಳಿಗೆ ಬೇಲಿ ಗಿಡ ಅಡ್ಡ ಬಂದು ಕಾಣ್ತಾನೇ ಇರ್ಲಿಲ್ಲ. ರಿಪೇರಿ ಅಂತ ಮುಚ್ಚಿರೋದು, ಹೊಸದಾಗಿ ಬಣ್ಣ ಬಳಿದಿರೋದು ಎಲ್ಲ ಆಗ್ಲೇ ಗೊತ್ತಾಗೋದು.

ನಾಲ್ಕೈದು ಮಕ್ಕಳಿಗೊಂದು ಟೀಮ್, ಟೀಮಿಗೊಬ್ರು ದೊಡ್ಡೋರು. ಎಲ್ರನ್ನೂ ಒಂದೇ ಕಡೆ ಬಿಟ್ರೆ ಹಿಂದಿನ ಟೀಮ್ ಮುಂದಿನವರ ಬೆನ್ನು ನೋಡ್ಕೊಂಡೇ ಗೆದ್ಬಿಡತ್ತೆ, ಅದಕ್ಕೆ ಸ್ಟಾಪ್‌ಗಳನ್ನ ಸುತ್ತಾಗಿ ಜೋಡಿಸಿ, ಒಂದು ಟೀಮ್ ಒಂದರಿಂದ, ಇನ್ನೊಂದು ನಾಲ್ಕರಿಂದ ಶುರು ಮಾಡ್ಲಿ, ಕೊನೆಗೆ ಎಲ್ರೂ ನಿಧಿ ಹತ್ರ ಸೇರ್ಲಿ. ಐದು ನಿಮಿಷ ಸಿಕ್ಕಾಕ್ಕೊಂಡ್ರೆ ಜೊತೇಲಿರೋರು ಸಣ್ಣ ಹಿಂಟ್ ಕೊಡ್ಬೇಕು, ಉತ್ತರ ಅಲ್ಲ. ಕೆಲವು ಅಪ್ಪಂದಿರಿಗೆ ಇದನ್ನ ಎರಡ್ಸಲ ಹೇಳ್ಬೇಕಾಗತ್ತೆ.

ನಿಧಿ ಡಬ್ಬಕ್ಕೆ ನಂಬರ್ ಲಾಕ್ ಹಾಕಿ, ದಾರೀಲಿ ಸಿಕ್ಕಿದ ಅಂಕಿಗಳೇ ಕೋಡ್. ಯಾವ ಸ್ಟಾಪಿನ ಅಂಕಿ ಎಷ್ಟನೇದು ಅನ್ನೋದನ್ನ ಡಬ್ಬದ ಮೇಲೆ ಬರೀರಿ, ಇಲ್ಲಾಂದ್ರೆ ಬೇರೆ ಬೇರೆ ಕಡೆಯಿಂದ ಶುರು ಮಾಡಿದ ಟೀಮ್‌ಗಳಿಗೆ ಕೋಡ್ ಸೇರಲ್ಲ. ಒಳಗಡೆ ಎಲ್ರಿಗೂ ಒಂದೇ ಥರದ್ದು ಸಮ ಸಮ ಇರ್ಲಿ. ಆಮೇಲೆ ಮೂರಂಕಿ ಲಾಕ್ ತಗೋಬೇಡಿ, ಅದ್ರಲ್ಲಿರೋದು 1000 ಕಾಂಬಿನೇಷನ್, ಸೆಕೆಂಡಿಗೊಂದು ತಿರುಗಿಸಿದ್ರೂ 17 ನಿಮಿಷದೊಳಗೆ ತೆಗೀಬಹುದು, ನಮ್ ಟೀಮಲ್ಲೊಬ್ಬ ಪುಣ್ಯಾತ್ಮ ಎರಡು ಸ್ಟಾಪ್ ಬಿಟ್ಟು ಸೀದಾ ಡಬ್ಬದ ಹತ್ರ ಓಡಿ 000ದಿಂದ ಶುರು ಹಚ್ಕೊಂಡಿದ್ದ. ನಾಲ್ಕಂಕಿದು ತಗೊಳ್ಳಿ, ಅದಕ್ಕೆ ಎರಡೂಮುಕ್ಕಾಲು ಗಂಟೆ ಬೇಕು, ಅಷ್ಟು ತಾಳ್ಮೆ ಆ ಹುಡುಗನಿಗಿಲ್ಲ.