ಬೀಗ ಹಾಕಿದ ಮನೆಯೂ ಸ್ಯಾಂಪಲ್ಲೇ

ಮನೆ ಮನೆ ಸರ್ವೆ ಮಾಡಿಸುವುದು ನನ್ನ ಕೆಲಸ. ಸ್ಯಾಂಪಲ್ ಸೈಜ್ ಎಷ್ಟು, ಅಂದರೆ ಒಟ್ಟು ಎಷ್ಟು ಮನೆ ಆರಿಸಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಆ ಮನೆಗಳನ್ನು ಯಾವ ಪಟ್ಟಿಯಿಂದ ಎತ್ತಿದಿರಿ ಅಂತ ಕೇಳುವವರು ಕಡಿಮೆ. ನನ್ನ ತಲೆನೋವೆಲ್ಲ ಅಲ್ಲೇ ಇರುವುದು.

ಹಳ್ಳಿ ಆರಿಸುವುದು ಸುಲಭ. 2011ರ ಜನಗಣತಿ ಇಟ್ಟುಕೊಂಡು, ಜನ ಜಾಸ್ತಿ ಇರುವ ಊರಿಗೆ ಅವಕಾಶವೂ ಜಾಸ್ತಿ ಸಿಗುವಂತೆ ಕಂಪ್ಯೂಟರ್‌ನಲ್ಲೇ ಎತ್ತುತ್ತೇವೆ. ಪಟ್ಟಿ ಹಳೆಯದು, ಬೆಂಗಳೂರಿನ ಅಂಚಿನ ಊರುಗಳಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಫಜೀತಿ ಇರುವುದು ಊರೊಳಗೆ. ಕೆಲವರು ಮತದಾರರ ಪಟ್ಟಿ ಹಿಡಿದು ಹೋಗುತ್ತಾರೆ. ಅದರಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಎಷ್ಟೋ ಸಲ ತವರಲ್ಲೇ ಉಳಿದಿರುತ್ತದೆ. ಬಾಡಿಗೆಗೆ ಬಂದವರು ಸಿಗುವುದು ಅಪರೂಪ. ಹಾಗಾಗಿ ನಾನು ಮೊದಲು ಮನೆಗಳನ್ನೇ ಪಟ್ಟಿ ಮಾಡಿಸುತ್ತೇನೆ. ನಮ್ಮ ಹುಡುಗರು ಬಸ್ ಇಳಿದು ಪಂಚಾಯ್ತಿ ಆಫೀಸಿನಿಂದ ಶುರು ಮಾಡಿದರೆ ನಡು ಊರಲ್ಲೇ ಸಂಜೆಯಾಗುತ್ತದೆ. ಊರಾಚೆಯ ಕೇರಿ, ದೂರದ ಲಂಬಾಣಿ ತಾಂಡಾ, ವಿಜಯಪುರ-ಬೆಳಗಾವಿ ಕಡೆಯ ತೋಟದ ವಸ್ತಿ, ಎಲ್ಲ ಬಿಟ್ಟುಹೋಗುತ್ತವೆ. ಅದಕ್ಕೇ ನಕ್ಷೆಯನ್ನು ಹೊರಗಿನಿಂದ ಒಳಕ್ಕೆ ಬರೆಸುತ್ತೇನೆ. ಆಶಾ ಕಾರ್ಯಕರ್ತೆ ಜೊತೆಗೆ ಬಂದರೆ ಇನ್ನೂ ಒಳ್ಳೆಯದು, ಯಾವ ಸಂದಿಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಬಾಯಿಪಾಠ.

660 ಮನೆ ಇದ್ದು 22 ಬೇಕೆಂದರೆ ಪ್ರತಿ 30ಕ್ಕೊಂದು. 1ರಿಂದ 30ರೊಳಗೆ ಚೀಟಿ ಎತ್ತಿದಂತೆ ಮೊದಲ ನಂಬರ್ 7 ಬಂತು ಅಂದುಕೊಳ್ಳಿ: 7, 37, 67... ಆ 67ಕ್ಕೆ ಬೀಗ ಇದ್ದರೆ ಪಕ್ಕದ 68ಕ್ಕೆ ಹೋಗುವಂತಿಲ್ಲ. ಮತ್ತೆ ಬೆಳಗ್ಗೆ, ಮತ್ತೆ ರಾತ್ರಿ, ಅದೇ ಬಾಗಿಲಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಒಂದು ಕ್ಲಸ್ಟರಿಗೆ (ಅಂದರೆ ಆರಿಸಿದ ಒಂದು ಊರು ಅಥವಾ ಬಡಾವಣೆಯ ಭಾಗಕ್ಕೆ) 22 ಮನೆ, ಬದಲಿ ಮನೆ ಇಲ್ಲ. ಬೀಗ ಹಾಕಿಕೊಂಡು ಕೂಲಿಗೆ ಹೋದವರೂ ಹಗಲೆಲ್ಲ ಮನೆಯಲ್ಲೇ ಇರುವವರೂ ಒಂದೇ ಉತ್ತರ ಕೊಡುವುದಿಲ್ಲ, ಅಲ್ವಾ?

ಮನೆಯೊಳಗೂ ಇದೇ ಕಥೆ. ಯಾರನ್ನು ಕೇಳಬೇಕು ಅಂತ ಆರಿಸಲು ಲೆಸ್ಲಿ ಕಿಶ್ ಎಂಬ ತಜ್ಞ 1949ರಲ್ಲೇ ಒಂದು ಕೋಷ್ಟಕ ಕೊಟ್ಟಿದ್ದ. ಈಗ ಆ ಕೆಲಸ ಮೊಬೈಲ್ ಮಾಡುತ್ತದೆ. ಯಾದಗಿರಿ ಕಡೆ ಒಂದು ಮನೆಯಲ್ಲಿ ಯಜಮಾನರು ಕುರ್ಚಿ ಎಳೆದು ಕೂತೇ ಬಿಟ್ಟರು. "ಆಕಿಗೇನ್ ಗೊತ್ತಾಗ್ತದ್ರಿ? ನನಗ ಕೇಳ್ರಿ." ನಮ್ಮ ಹುಡುಗಿ ಮೊಬೈಲನ್ನೇ ಅವರ ಮುಂದೆ ಹಿಡಿದಳು. "ಕಾಕಾ, ಇದ್ರಾಗ ಸೊಸಿ ಹೆಸರೇ ಬಂದದ್ರಿ, ನಾ ಏನ್ ಮಾಡ್ಲಿ?" ಮಷಿನ್ ಮೇಲೆ ಹಾಕಿದರೆ ಜಗಳ ಕಡಿಮೆ. ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತೇ ಉತ್ತರ ಕೊಟ್ಟರು. ರೇಷನ್ ಅಕ್ಕಿ ತಿಂಗಳಿಗೆ ಸಾಲುತ್ತದೋ ಇಲ್ಲವೋ ಅನ್ನುವುದಕ್ಕೆ ಮಾವನವರಿಗಿಂತ ಅವರ ಮಾತೇ ಖಚಿತವಾಗಿತ್ತು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿ ದಾಟುವುದೇ ಸಾಹಸ. ಇನ್ನು ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರು ಎರಡೂ ಕಡೆ ತಪ್ಪಿಹೋಗುತ್ತಾರೆ. ಊರಲ್ಲಿ ಬೀಗ, ಇಲ್ಲಿ ಅವರ ತಗಡಿನ ಶೆಡ್ ಯಾವ ಪಟ್ಟಿಯಲ್ಲೂ ಇಲ್ಲ.

ಕೊನೆಗೆ ವೆಯ್ಟ್ ಹಾಕುತ್ತೇವೆ, ಅಂದರೆ ಕಡಿಮೆ ಸಿಕ್ಕವರ ಉತ್ತರಕ್ಕೆ ಹೆಚ್ಚು ತೂಕ ಕೊಡುತ್ತೇವೆ. ನೂರರಲ್ಲಿ 15 ಯುವಕರು ಇರಬೇಕಾದಲ್ಲಿ 10 ಸಿಕ್ಕರೆ, ಒಬ್ಬೊಬ್ಬರನ್ನೂ ಒಂದೂವರೆ ಅಂತ ಲೆಕ್ಕ. ಆದರೆ ಊರಲ್ಲಿ ಉಳಿದ ಹುಡುಗ ಗುಳೆ ಹೋದ ಹುಡುಗನ ಪರವಾಗಿ ಎಷ್ಟರ ಮಟ್ಟಿಗೆ ಮಾತಾಡಬಲ್ಲ? ನನಗಂತೂ ಅನುಮಾನ. ಅದಕ್ಕೇ ಬೀಗ ಎಷ್ಟು, 'ಬೇಡ' ಅಂದವರು ಎಷ್ಟು ಅನ್ನುವುದನ್ನು ಊರುವಾರು, ಬಡಾವಣೆವಾರು ವರದಿಯ ಮೊದಲ ಪುಟಗಳಲ್ಲೇ ಹಾಕುತ್ತೇನೆ.