ಗರಗಸ ಮುಟ್ಟದೆ ಸೀಟ್ ಪೈಪ್ ಬಿಚ್ಚಿದ್ದು

ಅಪ್ಪನ ಹಳೆಯ ಸ್ಟೀಲ್ ಸೈಕಲ್. ಹದಿನಾಲ್ಕೋ ಹದಿನೈದೋ ವರ್ಷ ಶೆಡ್ಡಿನ ಮೂಲೆಯಲ್ಲಿ ನಿಂತಿತ್ತು. ಹ್ಯಾಂಡಲ್, ಪೆಡಲ್, ಕಾಟರ್ ಪಿನ್ ಎಲ್ಲವೂ ಜಾಮ್. ಅವೆಲ್ಲ ಬೈಸಿಕೊಂಡು ಹೇಗೋ ಬಂದವು. ಜಪ್ಪಯ್ಯ ಅಂದರೂ ಅಲುಗದೆ ಕೂತದ್ದು ಸೀಟ್ ಪೈಪ್. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೈಪ್, ಅದೂ ಗ್ರೀಸ್ ಇಲ್ಲದೆ. ಹಾಗೆ ತುರುಕಿದ ಮಹಾನುಭಾವ ಬೇರೆ ಯಾರೂ ಅಲ್ಲ, ಕಾಲೇಜು ದಿನಗಳ ನಾನೇ.

ಮೂವರಿಗೆ ತೋರಿಸಿದೆ. ಮೂವರೂ ಹೇಳಿದ್ದು ಗರಗಸ ಹಾಕಿ ಕೊಯ್ಯಲು. ಒಬ್ಬ ಗೆಳೆಯನಂತೂ "ಇದು ಇಡಿಯಾಗಿ ಹೊರಗೆ ಬಂದ್ರೆ ಅರ್ಧ ಮೀಸೆ ಬೋಳಿಸ್ತೀನಿ" ಅಂದ.

ಮೊದಲು ದುಡ್ಡು ಕಳೆದ ಕಥೆ. ತುಕ್ಕು ಬಿಡಿಸುವ ಸ್ಪ್ರೇ ಮೂರು ಡಬ್ಬಿ ಖಾಲಿ ಮಾಡಿದೆ. ಎಲ್ಲವನ್ನೂ ಮೇಲಿಂದ ಹೊಡೆದೆ, ಎಲ್ಲವೂ ಫ್ರೇಮ್ ಮೇಲೆ ಹರಿದು ನೆಲಕ್ಕೆ ಹೋಯಿತು. ಪೈಪ್ ರೆಂಚ್ ಹಾಕಿ ತಿರುಗಿಸಿದರೆ ಪೈಪಿನ ಮೈ ಕಿತ್ತು ಬಂತು, ಪೈಪ್ ಬರಲಿಲ್ಲ. ಗ್ಯಾಸ್ ಟಾರ್ಚ್ ಹಿಡಿದದ್ದು ಇನ್ನೂ ದೊಡ್ಡ ಪೆದ್ದುತನ. ಅಂಗೈ ಅಗಲದ ಬಣ್ಣ ಸುಟ್ಟಿತು. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ, ಅಂದರೆ ಬಿಸಿಯಲ್ಲಿ ಪೈಪ್ ಇನ್ನೂ ಬಿಗಿ. ಗೊತ್ತಿದ್ದೂ ಮಾಡಿದೆ. ಕಳೆದ ದುಡ್ಡೆಲ್ಲ ಸೇರಿಸಿದರೆ ಇಂಥದ್ದೇ ಇನ್ನೊಂದು ಹಳೆಯ ಸೈಕಲ್ ಬರುತ್ತಿತ್ತು.

ದಾರಿ ಸಿಕ್ಕಿದ್ದು ಫ್ರೇಮನ್ನು ತಲೆಕೆಳಗು ಮಾಡಿದಾಗ. ಎಣ್ಣೆಯನ್ನು ಕೆಳಗಿನಿಂದ ಯಾಕೆ ಕೊಡಬಾರದು ಅನಿಸಿತು. ಎರಡು ಪೆಡಲ್‌ಗಳ ನಡುವಿನ ಆಕ್ಸಲ್ ತೆಗೆದರೆ, ಅದು ಕೂರುವ ಬಿಬಿ (ಬಾಟಮ್ ಬ್ರಾಕೆಟ್) ಒಳಗಿನಿಂದ ಸೀಟ್ ಟ್ಯೂಬಿಗೆ, ಅಂದರೆ ಸೀಟ್ ಪೈಪ್ ಕೂತಿರುವ ಫ್ರೇಮಿನ ಕೊಳವೆಗೆ, ನೇರ ದಾರಿ ಇದೆಯಲ್ವಾ? ಇಲ್ಲೂ ಒಂದು ಭಾನುವಾರ ಪೂರ್ತಿ ಹಾಳು. ಆಕ್ಸಲನ್ನು ಹಿಡಿದಿಡುವ ಎರಡು ಕಪ್‌ಗಳಲ್ಲಿ ಬಲಗಡೆಯದನ್ನು ಬಿಚ್ಚಲು ಹೋಗಿ, ಅದು ಉಲ್ಟಾ ಥ್ರೆಡ್ ಅನ್ನೋದು ಮರೆತು ಬಿಗಿ ಮಾಡುತ್ತಾ ಕೂತಿದ್ದೆ. ಅಷ್ಟಕ್ಕೂ ಅದನ್ನು ಬಿಚ್ಚಬೇಕಾಗಿರಲೇ ಇಲ್ಲ. ಎಡಗಡೆಯ ಕಪ್ ಬಂದರೆ ಆಕ್ಸಲ್ ಬರುತ್ತದೆ.

ಎಣ್ಣೆ ಅಂದರೆ ಕಾರಿನ ಆಟೊಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನ್, ಸುಮಾರು ಸಮಸಮ. ಅದಕ್ಕೆ ಇನ್ನೊಂದು ವಸ್ತುವನ್ನೂ ಚೂರು ಸೇರಿಸುತ್ತೇನೆ, ಅದೇನು ಅನ್ನೋದು ನನ್ನ ಹತ್ತಿರವೇ ಇರಲಿ. ಇದರ ಹತ್ತಿರ ಟಾರ್ಚ್ ತರಬೇಡಿ, ಭಗ್ ಅನ್ನುತ್ತದೆ. ಪ್ಲಾಸ್ಟಿಕ್ ಲೋಟದಲ್ಲೂ ಕಲಸಬೇಡಿ. ನನ್ನ ಲೋಟದ ತಳ ಮೆತ್ತಗಾಗಿ ಬೆಂಚಿಗೆ ಅಂಟಿಕೊಂಡಿತು.

ನಡುವೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ತುಕ್ಕು ಹಿಡಿದ ಆರು ನಟ್ ಬೋಲ್ಟ್ ತೆಗೆದುಕೊಂಡು ಸೀಮೆಎಣ್ಣೆ, ಡೀಸೆಲ್, ಹೊಲಿಗೆ ಯಂತ್ರದ ಎಣ್ಣೆ, ವಿನೆಗರ್, ಸ್ಪ್ರೇ ಮತ್ತು ನನ್ನ ಮಿಶ್ರಣದಲ್ಲಿ ಎರಡು ದಿನ ನೆನೆಸಿದೆ. ಮಿಶ್ರಣದ್ದು ಸಲೀಸಾಗಿ ಬಿಟ್ಟಿತು. ಎರಡನೇ ಸ್ಥಾನ ಡೀಸೆಲ್‌ಗೆ, ನಾನು ಅಂದುಕೊಂಡೇ ಇರಲಿಲ್ಲ. ವಿನೆಗರ್ ತುಕ್ಕನ್ನು ತಿಂದು ಬೋಲ್ಟನ್ನು ಹೊಳೆಯುವಂತೆ ಮಾಡಿತು, ಆದರೆ ನಟ್ ಅಲುಗಲಿಲ್ಲ.

ಸರಿ, ಪೈಪಿಗೆ ಬರೋಣ. ಒಂಬತ್ತು ದಿನ ಇರಬೇಕು, ದಿನಾ ಎರಡು ಚಮಚ ಎಣ್ಣೆ, ಮರದ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು. ಕೊನೆಯ ಮೂರು ದಿನ ಟ್ಯೂಬಿನ ಮೇಲೆ ಕುದಿಯುವ ನೀರು, ಹಿಂದೆಯೇ ಐಸ್ ನೀರು. ಲೆಕ್ಕ ಹಾಕಿದರೆ ಪೈಪಿಗೂ ಟ್ಯೂಬಿಗೂ ಬರುವ ವ್ಯತ್ಯಾಸ ಒಂದು ಕೂದಲಿನ ದಪ್ಪವೂ ಇಲ್ಲ. ಆದರೆ ಹಿಗ್ಗಿ ಕುಗ್ಗುವಾಗ, ಎರಡರ ನಡುವೆ ಕಟ್ಟಿಕೊಂಡು ಪೈಪನ್ನು ಹಿಡಿದಿಟ್ಟ ಅಲ್ಯೂಮಿನಿಯಂ ತುಕ್ಕಿನ ಬಿಳಿ ಪುಡಿ ಬಿರುಕು ಬಿಡುತ್ತದೆ, ಸಂದಿಗೆ ಎಣ್ಣೆ ಇಳಿಯುತ್ತದೆ.

ಹತ್ತನೇ ದಿನ ಫ್ರೇಮನ್ನು ತಲೆಕೆಳಗಾಗಿಯೇ ಇಟ್ಟು, ಪೈಪಿನ ತಲೆಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಇಡೀ ಫ್ರೇಮನ್ನೇ ಸನ್ನೆ ಮಾಡಿಕೊಂಡು ತಿರುಗಿಸಿದೆ. ಎಳೆಯಬಾರದು, ತಿರುಗಿಸಬೇಕು. ವೈಸಿನಲ್ಲಿ ಪೈಪ್ ಜಜ್ಜಿಹೋಗದ ಹಾಗೆ ಒಳಗೆ ಏನು ತುಂಬಿದೆ ಅನ್ನೋದನ್ನು ಎದುರು ಕೂತರೆ ಹೇಳುತ್ತೇನೆ. 'ಟಕ್' ಅಂತ ಒಂದು ಸದ್ದು. ಫ್ರೇಮೇ ಮುರಿಯಿತು ಅಂದುಕೊಂಡೆ. ನೋಡಿದರೆ ಪೈಪ್ ಎರಡು ಮಿಲಿಮೀಟರಿನಷ್ಟು ತಿರುಗಿತ್ತು! ಆಮೇಲೆ ಆಚೆ ಈಚೆ, ಆಚೆ ಈಚೆ, ಎರಡೂವರೆ ಗಂಟೆ. ಸುಮಾರು ಹನ್ನೊಂದು ಸೆಂಟಿಮೀಟರ್ ಒಳಗೆ ಹೂತಿದ್ದ ಪೈಪ್ ಇಡಿಯಾಗಿ ಹೊರಗೆ ಬಂತು.

ಗೆಳೆಯನ ಮೀಸೆ ಇನ್ನೂ ಪೂರ್ತಿ ಇದೆ. ಹೋದ ವಾರ ಅವನೇ ಹ್ಯಾಂಡಲ್ ಜಾಮ್ ಆದ ಒಂದು ಫ್ರೇಮ್ ತಂದು ನನ್ನ ಬಾಗಿಲಿಗೆ ಒರಗಿಸಿ ಹೋಗಿದ್ದಾನೆ. ಎಣ್ಣೆ ಬಿಟ್ಟು ಇವತ್ತಿಗೆ ನಾಲ್ಕು ದಿನ.